ವಾರಕ್ಕೆ ಮೂವತ್ತು ಪೌಂಡ್, ಮತ್ತು ಆ ಎಂಬತ್ತೆಂಟು ಮಂದಿ

ಶೇಕಡಾ 88. ಇಂಗ್ಲೆಂಡಿನಲ್ಲಿ ಬಡ ಮನೆಯ ಮಕ್ಕಳನ್ನು ಕಾಲೇಜಿನಲ್ಲಿ ಉಳಿಸಲು ಕೊಡುತ್ತಿದ್ದ ಒಂದು ಭತ್ಯೆಯನ್ನು 2010ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಲು ಹೊರಟಾಗ ಮಂತ್ರಿಗಳ ವಾದಕ್ಕೆ ಬುನಾದಿಯಾಗಿದ್ದ ಸಂಖ್ಯೆ ಇದು. ಹಣ ಪಡೆಯುವ ನೂರರಲ್ಲಿ ಎಂಬತ್ತೆಂಟು ಮಂದಿ ಹಣ ಇಲ್ಲದಿದ್ದರೂ ಓದುತ್ತಿದ್ದರು, ಹಾಗಾದರೆ ಯಾಕೆ ಕೊಡಬೇಕು? ಇದು ಅವರ ವಾದ. ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದರು, ಸೋತರು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಆ ಸಂಖ್ಯೆ ಹೆಚ್ಚೂಕಡಿಮೆ ಸರಿಯಾಗಿಯೇ ಇತ್ತು. ಅದನ್ನು ಅಲ್ಲಗಳೆಯಲು ಹೋಗಿದ್ದರಲ್ಲೇ ಚಳವಳಿ ಎಡವಿದ್ದು.

ಮೊದಲು ಯೋಜನೆ ಏನು ಅಂತ ನೋಡೋಣ. ಹೆಸರು ಎಜುಕೇಶನ್ ಮೇಂಟೆನೆನ್ಸ್ ಅಲೊವೆನ್ಸ್, ಎಲ್ಲರ ಬಾಯಲ್ಲೂ ಇಎಂಎ. ಇಂಗ್ಲೆಂಡಿನಲ್ಲಿ ಆಗ ಕಡ್ಡಾಯ ಶಿಕ್ಷಣ ಹದಿನಾರಕ್ಕೆ ಮುಗಿಯುತ್ತಿತ್ತು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೋ ಐಟಿಐಗೋ ಹೋಗುವ ವಯಸ್ಸು ಅಂದುಕೊಳ್ಳಿ. ಅಲ್ಲಿ ಅವರು ಶಾಲೆಯದೇ ಸಿಕ್ಸ್ತ್ ಫಾರ್ಮ್‌ಗೆ ಹೋಗಬಹುದು, ಇಲ್ಲವೇ ಫರ್ದರ್ ಎಜುಕೇಶನ್ ಕಾಲೇಜಿಗೆ. ಬಡವರ ಮಕ್ಕಳು ಹೆಚ್ಚಾಗಿ ಹೋಗುವುದು ಎರಡನೆಯದಕ್ಕೆ. ಶುಲ್ಕ ಇಲ್ಲ. ಆದರೆ ಬಸ್ಸಿಗೆ, ಊಟಕ್ಕೆ, ಉಪಕರಣಕ್ಕೆ ದುಡ್ಡು ಬೇಕು. ಮನೆಯವರಿಗೆ ಮಗ ಅಥವಾ ಮಗಳು ತರಬಹುದಾಗಿದ್ದ ಸಂಬಳವೂ ತಪ್ಪುತ್ತದೆ. ವಿಶ್ವವಿದ್ಯಾಲಯದ ಮಾತು ಬರುವುದಕ್ಕೆ ಮುಂಚೆಯೇ ಬಡವರ ಮಕ್ಕಳು ಕಳಚಿಕೊಳ್ಳುವುದು ಇಲ್ಲೇ.

1999ರಲ್ಲಿ ಕೆಲವು ಪ್ರದೇಶಗಳಲ್ಲಿ ಪ್ರಯೋಗವಾಗಿ ಶುರುವಾದ ಇಎಂಎ 2004ರಲ್ಲಿ ದೇಶಕ್ಕೆಲ್ಲ ಬಂತು. ಮನೆಯ ವಾರ್ಷಿಕ ಆದಾಯ 20,817 ಪೌಂಡ್‌ವರೆಗೆ ಇದ್ದರೆ ವಾರಕ್ಕೆ 30 ಪೌಂಡ್. 25,521ರವರೆಗೆ 20, 30,810ರವರೆಗೆ 10, ಅದರ ಮೇಲೆ ಏನೂ ಇಲ್ಲ. ಪಡೆಯುತ್ತಿದ್ದವರು ಆರು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಸುಮಾರು ಐದಕ್ಕೆ ನಾಲ್ಕು ಮಂದಿ ಪೂರ್ತಿ ಮೂವತ್ತು ಪೌಂಡ್ ಪಡೆಯುವವರು. ಸರ್ಕಾರಕ್ಕೆ ವರ್ಷಕ್ಕೆ ತಗಲುತ್ತಿದ್ದುದು 56 ಕೋಟಿ ಪೌಂಡ್ ಆಸುಪಾಸು.

ಈ ಯೋಜನೆಯ ಜಾಣತನ ಇದ್ದುದು ಮೊತ್ತದಲ್ಲಿ ಅಲ್ಲ, ಕೊಡುವ ರೀತಿಯಲ್ಲಿ. ಹಣ ಅಪ್ಪ ಅಮ್ಮನ ಖಾತೆಗಲ್ಲ, ವಿದ್ಯಾರ್ಥಿಯ ಸ್ವಂತ ಖಾತೆಗೆ. ತಿಂಗಳಿಗಲ್ಲ, ವರ್ಷಾಂತ್ಯಕ್ಕಲ್ಲ, ವಾರವಾರ. ಮನೆಗೆ ಬರುವ ಬೇರೆ ಸರ್ಕಾರಿ ನೆರವಿನಲ್ಲಿ ಇದನ್ನು ಕಳೆಯುವಂತಿಲ್ಲ. ಹುಡುಗ ಶನಿವಾರ ಅಂಗಡಿಯಲ್ಲಿ ದುಡಿದರೆ ಆ ಸಂಪಾದನೆಯೂ ಲೆಕ್ಕಕ್ಕಿಲ್ಲ. ಪ್ರತಿಯಾಗಿ ಮುಖ್ಯ ಷರತ್ತು: ಹಾಜರಾತಿ. ಅನುಮತಿ ಇಲ್ಲದೆ ಒಂದು ತರಗತಿ ತಪ್ಪಿಸಿದರೂ ಆ ವಾರದ ಇಡೀ ಹಣ ಹೋಯಿತು. ಕಾಲೇಜು ವಾರಕ್ಕೊಮ್ಮೆ ಹಾಜರಾತಿ ದೃಢಪಡಿಸಿದರೆ ಮಾತ್ರ ಪಾವತಿ. ಪ್ರಾಂಶುಪಾಲರಿಗೆ ಇಎಂಎ ಇಷ್ಟವಾಗಿದ್ದಕ್ಕೆ ಇದೂ ಕಾರಣ.

ಎಲ್ಲಕ್ಕಿಂತ ದೊಡ್ಡ ಅಂಶ ಇನ್ನೊಂದಿದೆ. ನಿಯಮ ಇಡೀ ದೇಶಕ್ಕೆ ಒಂದೇ ಆಗಿದ್ದರಿಂದ ಹದಿನೈದರ ಹುಡುಗಿಯೊಬ್ಬಳು ಮನೆಯ ತೆರಿಗೆ ಕಾಗದ ನೋಡಿ, ಕಾಲೇಜಿಗೆ ಅರ್ಜಿ ಹಾಕುವ ಮೊದಲೇ, ತನಗೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಬಹುದಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಂತ ಯೋಜನೆ ಹಾಲಿನಷ್ಟು ಶುದ್ಧವೇನಲ್ಲ. 2008ರಲ್ಲಿ ಪಾವತಿಯ ಹೊಣೆ ಹೊತ್ತ ಗುತ್ತಿಗೆ ಕಂಪನಿ ಕೈಚೆಲ್ಲಿ, ತರಗತಿಗಳು ಶುರುವಾದ ಮೇಲೂ ಸಾವಿರಾರು ಮಕ್ಕಳಿಗೆ ವಾರಗಟ್ಟಲೆ ಹಣ ಬರಲಿಲ್ಲ. ಗುತ್ತಿಗೆ ರದ್ದು ಮಾಡಿ ಬೇರೆಯವರಿಗೆ ಕೊಡಬೇಕಾಯಿತು. ಆದಾಯದ ಗೆರೆಯಿಂದ ಒಂದು ಪೌಂಡ್ ಮೇಲಿದ್ದರೆ ವಾರಕ್ಕೆ ಹತ್ತು ಪೌಂಡ್ ಹೋಗುತ್ತಿತ್ತು. ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನುವುದಕ್ಕೂ ಲೆಕ್ಕವಿರಲಿಲ್ಲ.

ಈಗ ಆ 88ಕ್ಕೆ ಬರೋಣ. ಎನ್‌ಎಫ್‌ಇಆರ್ ಎಂಬ ಶಿಕ್ಷಣ ಸಂಶೋಧನಾ ಸಂಸ್ಥೆ ಸರ್ಕಾರಕ್ಕಾಗಿಯೇ ಒಂದು ಸಮೀಕ್ಷೆ ಮಾಡಿತ್ತು. ಈ ಭತ್ಯೆ ಇಲ್ಲದಿದ್ದರೆ ಓದಿಗೆ ಸೇರುತ್ತಲೇ ಇರಲಿಲ್ಲ ಅಂದವರು ಇಎಂಎ ಪಡೆಯುವವರಲ್ಲಿ ಶೇಕಡಾ 12. ನೂರರಿಂದ ಹನ್ನೆರಡು ಕಳೆದರೆ ಎಂಬತ್ತೆಂಟು. ವರದಿಯ ಸಂಶೋಧಕರಲ್ಲೊಬ್ಬರು ಆಮೇಲೆ ಸಂಸದೀಯ ಸಮಿತಿಯ ಮುಂದೆ, ನಮ್ಮ ವರದಿಯನ್ನು ತಪ್ಪಾಗಿ ಅರ್ಥೈಸಿದ್ದಾರೆ ಅಂತಲೇ ಹೇಳಿದರು.

ಇದಕ್ಕೆದುರಾಗಿ ಪ್ರಾಧ್ಯಾಪಕರ ಸಂಘ ಯುಸಿಯು ತನ್ನ ಸಮೀಕ್ಷೆ ತಂದಿತು. ಇಎಂಎ ಪಡೆಯುವವರು ಅತಿ ಹೆಚ್ಚಿರುವ ಕಾಲೇಜುಗಳಲ್ಲಿ ಕೇಳಿದಾಗ ನೂರಕ್ಕೆ ಎಪ್ಪತ್ತು ಮಂದಿ, ಭತ್ಯೆ ನಿಂತರೆ ಓದು ಬಿಡಬೇಕಾಗುತ್ತದೆ ಅಂದರು. ಈ ಎಪ್ಪತ್ತು ಫಲಕಗಳ ಮೇಲೆ ಬಂತು, ಭಾಷಣಗಳಲ್ಲಿ ಬಂತು. ಚಳವಳಿ ತನ್ನ ಭಾರವನ್ನೆಲ್ಲ ಅದರ ಮೇಲೆ ಹಾಕಿತು.

ಆದರೆ ಐಎಫ್‌ಎಸ್, ಅಂದರೆ ಲಂಡನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್, ಅಭಿಪ್ರಾಯ ಕೇಳುವುದನ್ನು ಬಿಟ್ಟು ಪ್ರಯೋಗ ನಡೆದ ಪ್ರದೇಶಗಳನ್ನೂ ನಡೆಯದ ಪ್ರದೇಶಗಳನ್ನೂ ಹೋಲಿಸಿ ನೋಡಿತ್ತು. ಅರ್ಹರಾದ ಹದಿನಾರರ ಮಕ್ಕಳಲ್ಲಿ ಓದಿನಲ್ಲಿ ಉಳಿದವರು ಶೇಕಡಾ 65ರಿಂದ 69ಕ್ಕೆ, ಹದಿನೇಳರವರಲ್ಲಿ 54ರಿಂದ 61ಕ್ಕೆ ಏರಿದ್ದರು. ಒಂದು ನಿಮಿಷ ಗಣಿತ ಮಾಡಿ. ಹದಿನೇಳರವರಲ್ಲಿ ಹಣ ಪಡೆಯುವ 61 ಮಂದಿಯಲ್ಲಿ ಹಣದ ದೆಸೆಯಿಂದ ಉಳಿದವರು 7. ನೂರಕ್ಕೆ ಹನ್ನೊಂದೂವರೆ. ಹದಿನಾರರವರಲ್ಲಿ 69ಕ್ಕೆ 4, ಅಂದರೆ ನೂರಕ್ಕೆ ಆರು. ಚಳವಳಿಗಾರರು ತಮ್ಮ ಪರ ಅಂತ ಎತ್ತಿ ಹಿಡಿದ ಅಧ್ಯಯನವೂ ಮಂತ್ರಿಗಳ ಹನ್ನೆರಡನ್ನು ಮೀರಲಿಲ್ಲ! ಎರಡೂ ಕಡೆಯವರು ಬೈದಾಡುತ್ತಿದ್ದುದು ಹೆಚ್ಚೂಕಡಿಮೆ ಒಂದೇ ಸಂಖ್ಯೆಯನ್ನು ಹಿಡಿದುಕೊಂಡು.

ಹಾಗಾದರೆ ಸರ್ಕಾರ ಗೆದ್ದಂತಾಯಿತಾ? ಇಲ್ಲ. ನಾಲ್ಕೋ ಏಳೋ ಮಂದಿ ಹೆಚ್ಚು ಓದಿ ಮುಂದೆ ಗಳಿಸುವ ಸಂಬಳವನ್ನು ಲೆಕ್ಕಕ್ಕೆ ತಂದರೆ ಇಡೀ ಯೋಜನೆಯ ಖರ್ಚು ವಾಪಸ್ ಬರುತ್ತದೆ ಅಂತ ಐಎಫ್‌ಎಸ್ ಆಗ ಹೇಳಿತು. ಅದನ್ನೂ ನಾನು ಇಲ್ಲಿ ಪಟ್ಟಾಗಿ ಹಿಡಿಯುವುದಿಲ್ಲ. ಅದೇ ಸಂಸ್ಥೆ ಇತ್ತೀಚೆಗೆ ದೇಶವ್ಯಾಪಿ ಇಎಂಎಯ ದೀರ್ಘಕಾಲದ ದತ್ತಾಂಶ ನೋಡಿ, ಪ್ರಯೋಗದ ಹಂತದಲ್ಲಿ ಕಂಡಷ್ಟು ಲಾಭ ಆಮೇಲೆ ಕಾಣಲಿಲ್ಲ ಅಂದಿದೆ. ಅದಕ್ಕೆ ಅದು ಕೊಡುವ ಒಂದು ಕಾರಣ ಕುತೂಹಲಕರ: ಹಣ ಬಂದದ್ದರಿಂದ ಮಕ್ಕಳು ಓದಿನ ಜೊತೆ ಮಾಡುತ್ತಿದ್ದ ಪಾರ್ಟ್‌ಟೈಮ್ ಕೆಲಸ ಕಡಿಮೆಯಾಯಿತು.

ಸರಿಯಾದ ಪ್ರಶ್ನೆ ಬೇರೆಯೇ ಇತ್ತು. ಉಳಿದ ಎಂಬತ್ತೆಂಟು ಮಂದಿ ಯಾರು? ಅರ್ಥಶಾಸ್ತ್ರದಲ್ಲಿ ಅವರಿಗೆ ಕೊಟ್ಟ ಹಣಕ್ಕೆ ಡೆಡ್‌ವೇಟ್ ಅನ್ನುತ್ತಾರೆ, ಸತ್ತ ಹೊರೆ. ಆದರೆ ಅವರಲ್ಲೂ ಬಹುಪಾಲು 20,817 ಪೌಂಡಿನ ಗೆರೆಯ ಕೆಳಗಿನವರೇ. ಹಣ ಇಲ್ಲದಿದ್ದರೂ ಕಾಲೇಜಿಗೆ ಬರುತ್ತಿದ್ದರು, ಒಪ್ಪೋಣ. ಹೇಗೆ ಬರುತ್ತಿದ್ದರು? ಶಾಲೆಯ ಸಿಕ್ಸ್ತ್ ಫಾರ್ಮ್‌ನ ಬಡ ವಿದ್ಯಾರ್ಥಿಗೆ ಮಧ್ಯಾಹ್ನದ ಉಚಿತ ಊಟ ಇತ್ತು. ಅದೇ ವಯಸ್ಸಿನ, ಅಷ್ಟೇ ಬಡ ಕಾಲೇಜು ವಿದ್ಯಾರ್ಥಿಗೆ ಇರಲಿಲ್ಲ, ಅದು ಸಿಕ್ಕಿದ್ದು 2014ರ ಸೆಪ್ಟೆಂಬರಿನಲ್ಲಿ. ಲಂಡನ್ನಿನಲ್ಲಿ ಓದುವ ಹದಿಹರೆಯದವರಿಗೆ ಬಸ್ ಉಚಿತ. ಹಳ್ಳಿಗಾಡಿನಲ್ಲಿ ಹದಿನಾರು ದಾಟಿದವರಿಗೆ ಬಸ್ ನೆರವು ಕೊಡುವುದು ಬಿಡುವುದು ಸ್ಥಳೀಯ ಕೌನ್ಸಿಲ್‌ನ ಮರ್ಜಿ. ಮೂವತ್ತು ಪೌಂಡ್ ಹೋಗುತ್ತಿದ್ದುದು ಇಂಥ ತೂತುಗಳಿಗೆ. ‘ಓದು ಬಿಡುತ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಅನ್ನುವವರನ್ನು ‘ಹತ್ತಿರದ ಕಾಲೇಜಿನಲ್ಲಿ ಬೇಡದ ಕೋರ್ಸಿಗೆ ಸೇರುತ್ತೀರಾ? ವಾರಕ್ಕೆ ಎಷ್ಟು ರಾತ್ರಿ ಕೆಲಸ ಮಾಡುತ್ತೀರಾ?’ ಎಂದು ಕೇಳಬೇಕಿತ್ತು. ಚಳವಳಿ ಕೇಳಲಿಲ್ಲ, ಎಪ್ಪತ್ತರ ಹಿಂದೆ ಹೋಯಿತು. ಭತ್ಯೆ ನಿಂತ ಮೇಲೆ ಕಾಲೇಜುಗಳೇನೂ ಖಾಲಿಯಾಗಲಿಲ್ಲ. ಸರ್ಕಾರದವರು ‘ನೋಡಿ, ಏನೂ ಆಗಲಿಲ್ಲ’ ಎಂದು ಕೈ ತೊಳೆದುಕೊಳ್ಳುವುದು ಸುಲಭವಾಯಿತು.

ಇನ್ನು ದಿನಾಂಕಗಳು. ಮುಚ್ಚುವುದು ಹೇಗೆ ಅನ್ನುವ ಪಾಠ ಇಲ್ಲಿದೆ. 2010ರ ಜನವರಿಯಲ್ಲಿ, ಚುನಾವಣೆಗೆ ಮುಂಚೆ, ಡೇವಿಡ್ ಕ್ಯಾಮರಾನ್ ಇಎಂಎ ರದ್ದು ಮಾಡುವ ಯೋಚನೆ ನಮಗಿಲ್ಲ ಅಂದಿದ್ದರು. ಮೇನಲ್ಲಿ ಪ್ರಧಾನಿಯಾದರು. ಅಕ್ಟೋಬರ್ 20ರ ವೆಚ್ಚ ಪರಿಶೀಲನೆಯಲ್ಲಿ ರದ್ದು ಘೋಷಣೆ. 2011ರ ಜನವರಿ 1ರಿಂದ ಹೊಸ ಅರ್ಜಿ ಬಂದ್. ಬದಲಿ ಏನು ಅಂತ ಶಿಕ್ಷಣ ಮಂತ್ರಿ ಮೈಕಲ್ ಗೋವ್ ಹೇಳಿದ್ದು ಮಾರ್ಚ್ 28ಕ್ಕೆ. ನಡುವಿನ ಆ ಚಳಿಗಾಲದಲ್ಲೇ ಹದಿನಾರರ ಮಕ್ಕಳು ಸೆಪ್ಟೆಂಬರಿಗೆ ಯಾವ ಕಾಲೇಜು ಅಂತ ನಿರ್ಧರಿಸುವುದು. ಹಳೆಯದು ಹೋಯಿತು, ಹೊಸದು ಏನೆಂದು ಗೊತ್ತಿಲ್ಲ, ಅರ್ಜಿ ಮಾತ್ರ ಈಗಲೇ ಹಾಕಬೇಕು. ಹೌಸ್ ಆಫ್ ಕಾಮನ್ಸ್‌ನ ಶಿಕ್ಷಣ ಸಮಿತಿ ಆ ವರ್ಷದ ಜುಲೈನಲ್ಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಾಗ ಈ ವಿಳಂಬವನ್ನೂ ಎತ್ತಿ ಹೇಳಿತು. ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು.

ಬೀದಿಯಲ್ಲಿ ಏನಾಯಿತು? 2010ರ ನವೆಂಬರ್ 10ರಂದು ಲಂಡನ್ನಿನಲ್ಲಿ ವಿಶ್ವವಿದ್ಯಾಲಯದ ಶುಲ್ಕ ಏರಿಕೆ, ಇಎಂಎ ರದ್ದತಿ ಎರಡರ ವಿರುದ್ಧವೂ ಭಾರಿ ಮೆರವಣಿಗೆ, ಕನ್ಸರ್ವೇಟಿವ್ ಪಕ್ಷದ ಕಚೇರಿ ಇದ್ದ ಮಿಲ್‌ಬ್ಯಾಂಕ್ ಕಟ್ಟಡದ ಗಾಜುಗಳು ಪುಡಿಯಾದವು. ಮರುದಿನದ ಸುದ್ದಿಯೆಲ್ಲ ಗಾಜಿನದೇ. 24ರಂದು ಶಾಲೆ ಕಾಲೇಜುಗಳ ಮಕ್ಕಳು ತರಗತಿ ಬಿಟ್ಟು ಹೊರಬಂದರು. ವೈಟ್‌ಹಾಲ್‌ನಲ್ಲಿ ಪೊಲೀಸರು ಅವರನ್ನು ಚಳಿಯಲ್ಲಿ ಗಂಟೆಗಟ್ಟಲೆ ಸುತ್ತುವರಿದು ನಿಲ್ಲಿಸಿದರು, ಕೆಟ್ಲಿಂಗ್ ಅನ್ನುತ್ತಾರಲ್ಲ, ಅದು. ಡಿಸೆಂಬರ್ 9ರಂದು ವಿಶ್ವವಿದ್ಯಾಲಯದ ಶುಲ್ಕವನ್ನು 9,000 ಪೌಂಡ್‌ವರೆಗೆ ಏರಿಸುವ ಪ್ರಸ್ತಾಪ 323–302ರಲ್ಲಿ ಅಂಗೀಕಾರವಾಯಿತು. ಅಲ್ಲಿಗೆ ದೊಡ್ಡ ಅಲೆ ಇಳಿಯಿತು. ಇಎಂಎ ಬಗ್ಗೆ ಪ್ರತಿಪಕ್ಷದ ನಿರ್ಣಯ ಸಂಸತ್ತಿಗೆ ಬಂದದ್ದು ಜನವರಿ 19ಕ್ಕೆ. 59 ಮತಗಳಿಂದ ಬಿತ್ತು.

ಶುಲ್ಕ ಏರಿಕೆಗೆ ಕಾನೂನಿನ ಪ್ರಕಾರ ಸಂಸತ್ತಿನ ಮತ ಬೇಕಿತ್ತು. ಇಎಂಎ ನಿಲ್ಲಿಸಲು ಬೇಕಿರಲಿಲ್ಲ, ಬಜೆಟ್ಟಿನ ಒಂದು ಸಾಲು ತೆಗೆದರೆ ಸಾಕಿತ್ತು. ಹಾಗಾಗಿ ಹೋರಾಟದ ಕ್ಯಾಲೆಂಡರ್ ಇಡಿಯಾಗಿ ಶುಲ್ಕದ ಮತದಾನದ ಸುತ್ತ ಕಟ್ಟಿಕೊಂಡಿತು. ಶುಲ್ಕದ ವಿರುದ್ಧ ನಿಂತ ವಿಶ್ವವಿದ್ಯಾಲಯದವರಿಗೆ ರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟ, ಅದರ ನಾಯಕರು, ಟಿವಿ ಸ್ಟುಡಿಯೋ ಎಲ್ಲ ಇತ್ತು. ಇಎಂಎಯವರಲ್ಲಿ ಬಹುತೇಕರಿಗೆ ಮತದ ಹಕ್ಕೂ ಇಲ್ಲ. ಮೆರವಣಿಗೆಗೆ ಸಂಖ್ಯೆ ತುಂಬಿದ್ದು ಇವರು, ಕ್ಯಾಮೆರಾ ಮುಂದೆ ಮಾತಾಡಿದ್ದು ಬಹುತೇಕ ಅವರು. ಇನ್ನೂ ವಿಚಿತ್ರ ನೋಡಿ: ತರಗತಿ ಬಿಟ್ಟು ಇಎಂಎ ಉಳಿಸಿ ಅಂತ ಬೀದಿಗೆ ಬಂದವರು ಆ ವಾರದ ಇಎಂಎ ಕಳೆದುಕೊಳ್ಳುವ ಅಪಾಯದಲ್ಲಿದ್ದರು. ಅನುಮತಿ ಇಲ್ಲದ ಗೈರು ಗೈರೇ.

ಒಂದಿಷ್ಟು ಗೆದ್ದರು ಅನ್ನಬೇಕು. ಆ ವರ್ಷ ಸೇರಿ ಮೂವತ್ತು ಪೌಂಡ್ ಪಡೆಯುತ್ತಿದ್ದವರಿಗೆ ಮುಂದಿನ ವರ್ಷಕ್ಕೂ ವಾರಕ್ಕೆ 20 ಸಿಕ್ಕಿತು. ಬದಲಿ ನಿಧಿ 18 ಕೋಟಿ ಪೌಂಡ್‌ಗೆ ಬಂದು ನಿಂತಿತು, ಇದಕ್ಕೆ ಹೆಸರು ಬರ್ಸರಿ ಫಂಡ್. ಸರ್ಕಾರದ ಪಾಲನೆಯಲ್ಲಿ ಬೆಳೆದವರಂಥ ತೀರಾ ದುರ್ಬಲರಿಗೆ ವರ್ಷಕ್ಕೆ 1,200 ಪೌಂಡ್. ಮೂವತ್ತನ್ನು ಮೂವತ್ತೊಂಬತ್ತು ವಾರಕ್ಕೆ ಗುಣಿಸಿದರೆ 1,170, ಹಾಗಾಗಿ ಅವರಿಗೆ ಮೊದಲಿಗಿಂತ ಹೆಚ್ಚು ಅಂತ ಹೇಳಿಕೊಳ್ಳಲು ಅನುಕೂಲವಾಯಿತು. ಉಳಿದವರ ಪಾಲು? 18 ಕೋಟಿಯನ್ನು ಮೊದಲು ಪೂರ್ತಿ ದರ ಪಡೆಯುತ್ತಿದ್ದ ಸುಮಾರು ಐದು ಲಕ್ಷ ಮಂದಿಗೆ ಹಂಚಿದರೆ ತಲೆಗೆ ವರ್ಷಕ್ಕೆ 360 ಪೌಂಡ್, ವಾರಕ್ಕೆ ಒಂಬತ್ತು ಚಿಲ್ಲರೆ.

ಮೊತ್ತಕ್ಕಿಂತ ಕೆಟ್ಟದ್ದು ಆ ವಿವೇಚನಾಧಿಕಾರ. ಯಾರಿಗೆ ಎಷ್ಟು ಅಂತ ಕಾಲೇಜು ನಿರ್ಧರಿಸುತ್ತದೆ. ಬುಟ್ಟಿಯಲ್ಲಿರುವುದು ಇಷ್ಟೇ ಅಂತ ಮೊದಲೇ ನಿಗದಿ. ಬಡವರು ಹೆಚ್ಚು ಬಂದ ವರ್ಷ ಪಾಲು ಕಿರಿದಾಗುತ್ತದೆ. ಒಂದೇ ಬಸ್ಸಿನಲ್ಲಿ ಎರಡು ಕಾಲೇಜಿಗೆ ಹೋಗುವ ಅಕ್ಕಪಕ್ಕದ ಮನೆಯ ಇಬ್ಬರಿಗೆ ಎರಡು ನಿಯಮ. ಒಬ್ಬಳಿಗೆ ಬಸ್ ಪಾಸ್, ಇನ್ನೊಬ್ಬಳಿಗೆ ಕ್ಯಾಂಟೀನ್ ಕಾರ್ಡ್. ನಾನು ಮೊದಲು ನೆನಪಿಟ್ಟುಕೊಳ್ಳಿ ಅಂದಿದ್ದ ಆ ಹದಿನೈದರ ಹುಡುಗಿಗೆ ಈಗ ಸೇರಿದ ಮೇಲಷ್ಟೇ ಗೊತ್ತಾಗುತ್ತದೆ. ಸೇರಬೇಕೋ ಬೇಡವೋ ಎಂದು ನಿರ್ಧರಿಸುವ ಹೊತ್ತಿಗೆ ಸಿಗದ ಭರವಸೆ, ಸೇರದೆ ಉಳಿದವರ ಪಾಲಿಗೆ ಇಲ್ಲವೇ ಇಲ್ಲ. ಅಂದಹಾಗೆ, ಈ ಹೊಸ ನಿಧಿಯನ್ನು ಕಾಲೇಜುಗಳಿಗೆ ಹಂಚಲು ವರ್ಷಗಟ್ಟಲೆ ಬಳಸಿದ ಅಳತೆ, ಹಿಂದೆ ಆ ಕಾಲೇಜಿನಲ್ಲಿ ಎಷ್ಟು ಮಂದಿ ಇಎಂಎ ಪಡೆಯುತ್ತಿದ್ದರು ಅನ್ನುವ ಹಳೇ ಪಟ್ಟಿಯೇ!

ಎಲ್ಲಾದರೂ ಇಂಥ ಯೋಜನೆಯೊಂದರ ಬಾಗಿಲು ಮುಚ್ಚುವ ಸುದ್ದಿ ಬಂದರೆ ವಿದ್ಯಾರ್ಥಿ ಸಂಘದವರು ಮೊದಲ ವಾರದಲ್ಲೇ ಮಾಡಬೇಕಾದ ಕೆಲಸ ಫಲಕ ಬರೆಯುವುದಲ್ಲ. ಹೊಸ ಅರ್ಜಿ ನಿಲ್ಲುವ ದಿನ, ಈಗಿನವರ ಕೊನೆಯ ಕಂತಿನ ದಿನ, ಬದಲಿ ಘೋಷಣೆಯ ದಿನ, ಮುಂದಿನ ಪ್ರವೇಶದ ಕೊನೆಯ ದಿನ, ಈ ನಾಲ್ಕನ್ನೂ ಲಿಖಿತವಾಗಿ ಕೇಳಿ ಪಡೆಯಬೇಕು. ಕೈಯಲ್ಲಿ ಮಂಜೂರಾತಿ ಪತ್ರ ಇರುವವರ ಪಟ್ಟಿ ಮಾಡಬೇಕು, ಕೊಟ್ಟ ಮಾತು ಮುರಿದರು ಎಂದು ಕಾಗದ ತೋರಿಸಿ ವಾದಿಸಬಲ್ಲವರು ಅವರು ಮಾತ್ರ. ಸಮೀಕ್ಷೆ ಮಾಡುವುದಾದರೆ ‘ಬಿಡುತ್ತೀರಾ’ ಅಂತ ಕೇಳದೆ ಬಸ್ಸಿನ ದರ, ಬಿಟ್ಟ ಊಟ, ದುಡಿದ ಗಂಟೆ ಬರೆಸಿಕೊಳ್ಳಬೇಕು. ಬೆದರಿಕೆಯ ಉತ್ತರ ಮುಂದಿನ ವರ್ಷ ಸುಳ್ಳಾಗಬಹುದು, ಬಸ್ ಟಿಕೆಟ್ ಸುಳ್ಳಾಗುವುದಿಲ್ಲ.

ಇಂಗ್ಲೆಂಡ್ ಬಿಟ್ಟರೆ ಬ್ರಿಟನ್ನಿನ ಉಳಿದ ಮೂರೂ ಕಡೆ, ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್, ಇಎಂಎ ಇವತ್ತಿಗೂ ಇದೆ. ಆ ಮೂವತ್ತು ಪೌಂಡ್ 2004ರಿಂದ ಕದಲದೆ ಬೆಲೆ ಏರಿಕೆಯಲ್ಲಿ ಕರಗುತ್ತಿತ್ತು. ವೇಲ್ಸ್ ಸರ್ಕಾರ 2023ರಲ್ಲಿ ಅದನ್ನು 40ಕ್ಕೆ ಏರಿಸಿತು.