ಸೋತ ಜೋಕನ್ನು ದುಡಿಸಿಕೊಂಡ ಡೇವಿಡ್ ಲೆಟರ್‌ಮನ್

ಎಲ್ಲರಿಗೂ ನಮಸ್ಕಾರ.

ಅಮೆರಿಕದ ತಡರಾತ್ರಿಯ ಟಿ.ವಿ. ಹಾಸ್ಯದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಎನ್‌ಬಿಸಿ ವಾಹಿನಿಯ 'ಟುನೈಟ್ ಶೋ' ನಿರೂಪಕರಾಗಿದ್ದ ಜಾನಿ ಕಾರ್ಸನ್ ಅವರಿಂದ ಶುರುಮಾಡುತ್ತಾರೆ. ನಾನು ಕಾರ್ಸನ್ ಅವರ ಕುರ್ಚಿಗೆ ಆಸೆಪಟ್ಟು, ಅದು ಕೈತಪ್ಪಿದವರ ಬಗ್ಗೆ ಮಾತನಾಡಲು ಬಂದಿದ್ದೇನೆ. ಡೇವಿಡ್ ಲೆಟರ್‌ಮನ್ 1982ರಿಂದ 2015ರವರೆಗೆ ಎರಡು ವಾಹಿನಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಸಂಚಿಕೆಗಳನ್ನು ನಡೆಸಿಕೊಟ್ಟರು. ಅಷ್ಟು ಕಾಲ ಅವರನ್ನು ಕಾಪಾಡಿದ್ದು ಅವರ ಜೋಕುಗಳ ಗುಣಮಟ್ಟ ಎಂದು ನನಗೆ ಅನ್ನಿಸುವುದಿಲ್ಲ. ಜೋಕು ಸೋತಾಗ ಅವರು ಏನು ಮಾಡುತ್ತಿದ್ದರು ಎಂಬುದೇ ಅವರ ನಿಜವಾದ ಕಸುಬು.

ಈ ಕಸುಬಿನ ಕಷ್ಟ ಎಲ್ಲಿದೆ ನೋಡಿ. ನಮ್ಮ ಹಾಸ್ಯಸಂಜೆಗಳ ಭಾಷಣಕಾರರು ಒಂದು ಒಳ್ಳೆಯ ಪ್ರಸಂಗ ಸಿಕ್ಕರೆ ಅದನ್ನೇ ಐವತ್ತು ಊರುಗಳಲ್ಲಿ ಹೇಳಬಹುದು. ಹೇಳುತ್ತಾ ಹೇಳುತ್ತಾ ಅದು ನಯವಾಗುತ್ತದೆ. ತಡರಾತ್ರಿಯ ನಿರೂಪಕರಿಗೆ ಆ ಸೌಕರ್ಯವಿಲ್ಲ. ಅಂದಿನ ಸುದ್ದಿಯ ಮೇಲೆ ಬರೆದ ಜೋಕು ಅಂದೇ ಖರ್ಚಾಗಬೇಕು, ಮರುದಿನ ಮತ್ತೆ ಹೊಸದು ಬೇಕು. ಹೀಗೆ ವರ್ಷಗಟ್ಟಲೆ ನಡೆದರೆ ದಿನಕ್ಕೆ ಒಂದೆರಡಾದರೂ ನೆಲಕಚ್ಚಲೇಬೇಕು. ಕಾರ್ಸನ್ ಇದನ್ನು ಬಲ್ಲವರಾಗಿದ್ದರು. ಜನ ನಗದಿದ್ದರೆ ಒಂದು ನೋಟದಿಂದಲೋ ಒಂದು ಮಾತಿನಿಂದಲೋ ಅದನ್ನು ದಡ ಸೇರಿಸುತ್ತಿದ್ದರು. ಲೆಟರ್‌ಮನ್ ದಡ ಸೇರಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಜೋಕು ಮುಳುಗುವುದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸುತ್ತಿದ್ದರು.

ಒಂದು ಸಣ್ಣ ಸಂಗತಿ ಗಮನಿಸಿ. ಅವರ ಮೇಜಿನ ಹಿಂದೆ ಕಿಟಕಿಯ ಚೌಕಟ್ಟು, ಅದರಾಚೆ ನ್ಯೂಯಾರ್ಕಿನ ಕಟ್ಟಡಗಳ ದೃಶ್ಯ. ಕೈಯಲ್ಲಿದ್ದ ಕಾರ್ಡನ್ನು ಅವರು ಬೆನ್ನ ಹಿಂದಕ್ಕೆ ಬೀಸಿ ಎಸೆಯುತ್ತಿದ್ದರು; ತಕ್ಷಣ ಗಾಜು ಒಡೆದ ಸದ್ದು. ಅಲ್ಲಿ ಗಾಜೇ ಇರಲಿಲ್ಲ. ಅದು ಧ್ವನಿಮುದ್ರಿಕೆ ಎಂದು ಸಭಿಕರಿಗೂ ಗೊತ್ತು, ಮನೆಯಲ್ಲಿ ಕುಳಿತವರಿಗೂ ಗೊತ್ತು. ಕೆಲವೊಮ್ಮೆ ಜೋಕಿಗೆ ಬಾರದ ನಗು ಈ ಸದ್ದಿಗೆ ಬರುತ್ತಿತ್ತು. ಟಿ.ವಿ. ಒಂದು ತಟ್ಟಿ ಕಟ್ಟಿದ ಲೋಕ, ನಾವೆಲ್ಲ ಸೇರಿ ಅದನ್ನು ನಂಬಿದವರಂತೆ ನಟಿಸುತ್ತಿದ್ದೇವೆ ಎಂಬುದು ಅವರ ಹಾಸ್ಯದ ಬುಡ.

ಅವರು 1947ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದರು; ತಂದೆಗೆ ಹೂವಿನ ಅಂಗಡಿ. ಊರಿನ ವಾಹಿನಿಯಲ್ಲಿ ಹವಾಮಾನ ವರದಿ ಓದುತ್ತಿದ್ದಾಗ, ಬಿರುಗಾಳಿಯೊಂದು ಚಂಡಮಾರುತದ ದರ್ಜೆಗೆ ಬಡ್ತಿ ಪಡೆದದ್ದಕ್ಕೆ ಅದನ್ನು ಅಭಿನಂದಿಸಿದರು ಎಂಬ ಕಥೆ ಪ್ರಸಿದ್ಧ. 1975ರಲ್ಲಿ ಲಾಸ್ ಏಂಜಲೀಸ್, 1978ರಲ್ಲಿ ಕಾರ್ಸನ್ ಅವರ ವೇದಿಕೆ. 1980ರಲ್ಲಿ ಎನ್‌ಬಿಸಿ ಅವರಿಗೆ ಬೆಳಗಿನ ಕಾರ್ಯಕ್ರಮ ಕೊಟ್ಟಿತು. ತಿಂಡಿಯ ಹೊತ್ತಿಗೆ ಈ ಒಗರು ಹಾಸ್ಯ ಯಾರಿಗೆ ಬೇಕು? ಜೂನ್‌ನಲ್ಲಿ ಶುರುವಾದದ್ದು ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಆದರೆ ಮುಂದಿನ ಯಶಸ್ಸಿನ ಬೀಜವೆಲ್ಲ ಆ ಸೋಲಿನಲ್ಲೇ ಇತ್ತು. ಸಾಕುಪ್ರಾಣಿಗಳ ಪೆದ್ದು ಚಮತ್ಕಾರಗಳನ್ನು ಗಂಭೀರ ಮುಖದಿಂದ ತೋರಿಸುವ ಭಾಗ ಹುಟ್ಟಿದ್ದು ಅಲ್ಲೇ. ಅದನ್ನು ಯೋಚಿಸಿದವರು ಮುಖ್ಯ ಬರಹಗಾರ್ತಿ, ಆಗ ಅವರ ಸಂಗಾತಿಯೂ ಆಗಿದ್ದ ಮೆರಿಲ್ ಮಾರ್ಕೋ. ಈ ಹೆಸರನ್ನು ಒತ್ತಿ ಹೇಳುತ್ತಿದ್ದೇನೆ. ನಾವು ಲೆಟರ್‌ಮನ್ ಶೈಲಿ ಎನ್ನುವುದರಲ್ಲಿ ಮಾರ್ಕೋ ಅವರ ಪಾಲು ದೊಡ್ಡದು, ಸಿಕ್ಕ ಮನ್ನಣೆ ಚಿಕ್ಕದು.

1982ರ ಫೆಬ್ರವರಿ 1ರಂದು, ಕಾರ್ಸನ್ ಕಾರ್ಯಕ್ರಮ ಮುಗಿದ ಮೇಲೆ ರಾತ್ರಿ ಹನ್ನೆರಡೂವರೆಗೆ, ಎನ್‌ಬಿಸಿಯಲ್ಲೇ ಅವರ 'ಲೇಟ್ ನೈಟ್' ಆರಂಭವಾಯಿತು. ಮೊದಲ ಅತಿಥಿ ನಟ ಬಿಲ್ ಮರ್ರೆ. ಆ ಸರಿಹೊತ್ತಿನಲ್ಲಿ ಎಚ್ಚರವಿದ್ದವರು ವಿದ್ಯಾರ್ಥಿಗಳು, ರಾತ್ರಿಪಾಳಿಯವರು, ನಿದ್ದೆ ಬಾರದವರು. ಅವರ ಮುಂದೆ ಏನು ಮಾಡಿದರೂ ನಡೆಯುತ್ತಿತ್ತು. 1984ರಲ್ಲಿ ಮೈತುಂಬ ವೆಲ್ಕ್ರೋ ಪಟ್ಟಿಯ ಉಡುಪು ತೊಟ್ಟು, ಟ್ರ್ಯಾಂಪೊಲಿನ್‌ನಿಂದ ಜಿಗಿದು ವೆಲ್ಕ್ರೋ ಗೋಡೆಗೆ ಹಲ್ಲಿಯಂತೆ ಅಂಟಿಕೊಂಡರು. ಕಲ್ಲಂಗಡಿ ಹಣ್ಣುಗಳನ್ನು ಎತ್ತರದಿಂದ ಕೆಳಕ್ಕೆ ಹಾಕಿಸಿ ಚೂರಾಗುವುದನ್ನು ನಿಧಾನಗತಿಯಲ್ಲಿ ತೋರಿಸಿದರು. ಪಂಚ್‌ಲೈನ್ ಏನೆಂದು ಕೇಳಿದರೆ, ಇಲ್ಲ.

ಕಾರ್ಸನ್ 1992ರ ಮೇ 22ರಂದು ನಿವೃತ್ತರಾದಾಗ ಕುರ್ಚಿ ಇನ್ನೊಬ್ಬ ಹಾಸ್ಯಗಾರ ಜೇ ಲೆನೊ ಅವರಿಗೆ ಹೋಯಿತು. ಆ ಜಟಾಪಟಿಯ ಬಗ್ಗೆ ಬೇಕಾದಷ್ಟು ಬರೆದಾಗಿದೆ, ನಾನು ಬೆಳೆಸುವುದಿಲ್ಲ. ಲೆಟರ್‌ಮನ್ ಪ್ರತಿಸ್ಪರ್ಧಿ ವಾಹಿನಿ ಸಿಬಿಎಸ್‌ಗೆ ಹೊರಟರು. ಅವರ ಪ್ರಸಿದ್ಧ ಭಾಗಗಳೆಲ್ಲ ತನ್ನ ಆಸ್ತಿ ಎಂದು ಎನ್‌ಬಿಸಿ ಹಕ್ಕು ಸಾಧಿಸಿತು. ಹಳೆಯ ಕಾರ್ಯಕ್ರಮದಲ್ಲಿ ಲ್ಯಾರಿ ಬಡ್ ಮೆಲ್‌ಮನ್ ಎಂಬ ಪಾತ್ರವಾಗಿದ್ದ ಮುದುಕಪ್ಪ, ಹೊಸದರಲ್ಲಿ ಕ್ಯಾಲ್ವರ್ಟ್ ಡಿಫಾರೆಸ್ಟ್ ಎಂಬ ತಮ್ಮ ಸ್ವಂತ ಹೆಸರಿನಲ್ಲೇ ಬರಬೇಕಾಯಿತು. ಹಾಸ್ಯದ ಮೇಲೆ ಒಡೆತನದ ವ್ಯಾಜ್ಯ. ಇದಕ್ಕಿಂತ ಒಳ್ಳೆಯ ಜೋಕನ್ನು ಯಾವ ಬರಹಗಾರರೂ ಬರೆಯಲಾರರು.

1993ರ ಆಗಸ್ಟ್ 30ರಂದು ಬ್ರಾಡ್‌ವೇಯ ಎಡ್ ಸಲಿವನ್ ಥಿಯೇಟರ್‌ನಲ್ಲಿ 'ಲೇಟ್ ಶೋ' ಶುರುವಾಯಿತು. ಸಭಾಂಗಣವನ್ನು ನಡುಕ ಬರುವಷ್ಟು ತಣ್ಣಗಿಡುತ್ತಿದ್ದರು. ಚಳಿಯಲ್ಲಿ ಕುಳಿತ ಜನ ತೂಕಡಿಸುವುದಿಲ್ಲ. ಕ್ಯಾಮೆರಾ ಆಗಾಗ ಬೀದಿಗೂ ಇಳಿಯುತ್ತಿತ್ತು. ಹತ್ತಿರದ ಉಡುಗೊರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಬಾಂಗ್ಲಾದೇಶದ ಮುಜೀಬುರ್ ಮತ್ತು ಸಿರಾಜುಲ್ ಹೀಗೆ ಅಮೆರಿಕದ ಮನೆಮಾತಾದರು. ಅವರು ನಟಿಸುತ್ತಿರಲಿಲ್ಲ, ಸಭ್ಯವಾಗಿ ಉತ್ತರ ಕೊಡುತ್ತಿದ್ದರು. ನಗು ಅವರ ಉಚ್ಚಾರಣೆಗೆ ಬರುತ್ತಿತ್ತೋ ಪ್ರಶ್ನೆಯ ಪೆದ್ದುತನಕ್ಕೋ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ. ಎರಡೂ ಇರಬಹುದು.

1995ರಲ್ಲಿ ಆಸ್ಕರ್ ಸಮಾರಂಭ ನಡೆಸಿಕೊಟ್ಟಾಗ, ಟಿ.ವಿ. ನಿರೂಪಕಿ ಓಪ್ರಾ ವಿನ್‌ಫ್ರೇ ಮತ್ತು ನಟಿ ಉಮಾ ಥರ್ಮನ್ ಅವರನ್ನು ಹೆಸರು ಹಿಡಿದು ಪರಸ್ಪರ ಪರಿಚಯಿಸುವ ಜೋಕು ದಯನೀಯವಾಗಿ ಸೋತಿತು. ಬೇರೆಯವರಾಗಿದ್ದರೆ ಅದನ್ನು ಮರೆಸುತ್ತಿದ್ದರು. ಇವರು ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ತಮ್ಮನ್ನು ಗೇಲಿಮಾಡಿಕೊಂಡರು.

ಈ ವಿದ್ಯೆಗೆ ಒಂದು ಕತ್ತಲ ಬದಿಯೂ ಇದೆ. 2009ರ ಅಕ್ಟೋಬರ್ 1ರಂದು ಅವರು ಮೇಜಿನ ಹಿಂದೆ ಕುಳಿತು ಒಂದು ಕಥೆ ಹೇಳಿದರು: ಯಾರೋ ಇಪ್ಪತ್ತು ಲಕ್ಷ ಡಾಲರ್ ಕೊಡದಿದ್ದರೆ ಗುಟ್ಟು ರಟ್ಟು ಮಾಡುವುದಾಗಿ ಬೆದರಿಸಿದ್ದಾರೆ, ತಾನು ಪೊಲೀಸರ ಬಳಿ ಹೋದೆ, ಗುಟ್ಟು ಏನೆಂದರೆ ಕಾರ್ಯಕ್ರಮದಲ್ಲಿ ಕೆಲಸಮಾಡುವ ಮಹಿಳೆಯರೊಡನೆ ತನಗೆ ಸಂಬಂಧವಿತ್ತು. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಆ ಸಂಚಿಕೆ ನೋಡಿದರೆ ಮೈ ಜುಮ್ಮೆನ್ನುತ್ತದೆ. ಸೋಲನ್ನು ಹೇಳಿಕೊಂಡಾಗ ನಗಬೇಕೆಂದು ಅವರೇ ಜನರಿಗೆ ಇಪ್ಪತ್ತೇಳು ವರ್ಷ ಅಭ್ಯಾಸ ಮಾಡಿಸಿದ್ದರು. ಆ ಅಭ್ಯಾಸವೇ ಅಂದು ಒಡೆಯನನ್ನು ಕಾಪಾಡಿತು. ಅದೇ ತಿಂಗಳು, ಹಿಂದೆ ಅಲ್ಲಿ ಬರಹಗಾರ್ತಿಯಾಗಿದ್ದ ನೆಲ್ ಸ್ಕೋವೆಲ್ 'ವ್ಯಾನಿಟಿ ಫೇರ್' ಪತ್ರಿಕೆಯಲ್ಲಿ ಬರೆದರು: ಲೆಟರ್‌ಮನ್, ಲೆನೊ, ಕೋನನ್ ಒಬ್ರಿಯನ್ ಮೂವರ ಕಾರ್ಯಕ್ರಮಗಳಿಗೆ ಸೇರಿ ಸುಮಾರು 50 ಬರಹಗಾರರಿದ್ದಾರೆ, ಅವರಲ್ಲಿ ಒಬ್ಬ ಮಹಿಳೆಯೂ ಇಲ್ಲ. ಮೆರಿಲ್ ಮಾರ್ಕೋ ಕಟ್ಟಿದ ಮನೆಯ ಸ್ಥಿತಿ ಇದು. ಹತ್ತು ವರ್ಷಗಳ ನಂತರ, 2019ರಲ್ಲಿ, ಲೆಟರ್‌ಮನ್ ಸ್ಕೋವೆಲ್ ಅವರನ್ನು ಭೇಟಿಯಾಗಿ ಕ್ಷಮೆ ಕೇಳಿದರು.

ತಡವಾಗಿ ಸಾಲ ತೀರಿಸುವುದು ಅವರಿಗೆ ಹೊಸದಲ್ಲ. 1993ರ ಅಕ್ಟೋಬರ್‌ನಲ್ಲಿ ಹಾಸ್ಯಗಾರ ಬಿಲ್ ಹಿಕ್ಸ್ ಅವರ ಇಡೀ ಪ್ರದರ್ಶನವನ್ನು ಪ್ರಸಾರಕ್ಕೆ ಮೊದಲೇ ಕತ್ತರಿಸಿ ಹಾಕಲಾಗಿತ್ತು. ಹಿಕ್ಸ್ ಕೆಲವೇ ತಿಂಗಳಲ್ಲಿ, 32ರ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು. 2009ರ ಜನವರಿಯಲ್ಲಿ ಲೆಟರ್‌ಮನ್ ಹಿಕ್ಸ್ ಅವರ ತಾಯಿಯನ್ನು ವೇದಿಕೆಗೆ ಕರೆದು, ಆ ನಿರ್ಧಾರ ತಮ್ಮದೇ ಎಂದು ಒಪ್ಪಿಕೊಂಡು, ಕತ್ತರಿಸಿದ್ದನ್ನು ಪೂರ್ತಿ ಪ್ರಸಾರಮಾಡಿದರು. ಇಲ್ಲಿ ಮಾತ್ರ ಅವರು ತಪ್ಪನ್ನು ಜೋಕಾಗಿ ತಿರುಗಿಸಲಿಲ್ಲ. ಆ ಸಂಚಿಕೆಗೆ ನನ್ನ ಲೆಕ್ಕದಲ್ಲಿ ಉಳಿದೆಲ್ಲಕ್ಕಿಂತ ಹೆಚ್ಚು ಬೆಲೆ.

ಕಾರ್ಸನ್ ಅವರ ಕುರ್ಚಿ ಸಿಗಲಿಲ್ಲ ಎಂದೆ. ಆದರೆ ಕಾರ್ಸನ್ ನಿವೃತ್ತಿಯ ಮೇಲೂ ಮನೆಯಲ್ಲಿ ಕುಳಿತು ಜೋಕು ಬರೆದು ಆಗಾಗ ಲೆಟರ್‌ಮನ್‌ಗೆ ಕಳುಹಿಸುತ್ತಿದ್ದರು. 2005ರ ಜನವರಿ 23ರಂದು ಕಾರ್ಸನ್ ತೀರಿಕೊಂಡರು. 31ರಂದು ಲೆಟರ್‌ಮನ್ ಎಂದಿನಂತೆ ಆರಂಭದ ಜೋಕುಗಳನ್ನು ಹೇಳಿದರು, ಜನ ನಕ್ಕರು. ಎಲ್ಲ ಮುಗಿದ ಮೇಲಷ್ಟೇ, ಅವೆಲ್ಲವನ್ನೂ ಬರೆದವರು ಕಾರ್ಸನ್ ಎಂದು ತಿಳಿಸಿದರು.

2015ರ ಮೇ 20ರಂದು ಅವರು ನಿವೃತ್ತರಾದರು. ಅವರ ಜಾಗಕ್ಕೆ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್ ಬಂದರು. 2025ರ ಜುಲೈಯಲ್ಲಿ ಸಿಬಿಎಸ್, ಹಣಕಾಸಿನ ಕಾರಣ ನೀಡಿ, 2026ರ ಮೇ ತಿಂಗಳಿಗೆ 'ಲೇಟ್ ಶೋ' ಹೆಸರನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಲೆಟರ್‌ಮನ್ ಅವರ ಯೂಟ್ಯೂಬ್ ವಾಹಿನಿ ಇದಕ್ಕೆ ಕೊಟ್ಟ ಉತ್ತರ ಸುಮಾರು 20 ನಿಮಿಷದ ಒಂದು ಸಂಕಲನ: ಸಿಬಿಎಸ್‌ನಲ್ಲಿ ಸಂಬಳ ತೆಗೆದುಕೊಳ್ಳುತ್ತಲೇ, ಸಿಬಿಎಸ್‌ನದೇ ಮೇಜಿನ ಹಿಂದೆ ಕುಳಿತು, ಅವರು ಸಿಬಿಎಸ್ಸನ್ನು ಲೇವಡಿ ಮಾಡಿದ್ದ ತುಣುಕುಗಳು.