ಡಿಕ್ಕಿ ಬಾಗಿಲಿನ ಹೊಗೆ

ಎಲ್ಲರಿಗೂ ನಮಸ್ಕಾರ. ಹಳೇ ಕಾರಿನ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಇವತ್ತು ಅದರ ಹಿಂಬಾಗಿಲಿನ ಬಗ್ಗೆ ಮಾತ್ರ ಹೇಳುತ್ತೇನೆ.

ನನ್ನದು 1972ರ ಡಾಟ್ಸನ್ 240ಝಡ್. ಜಪಾನಿನಲ್ಲಿ 1969ರಲ್ಲಿ ಫೇರ್‌ಲೇಡಿ ಝಡ್ ಅನ್ನುವ ಹೆಸರಿನಲ್ಲಿ ಬಂದ ಕಾರು. ಇಲ್ಲಿ ಅಮೆರಿಕದಲ್ಲಿ ಶುರುವಿನ ಬೆಲೆ 3,526 ಡಾಲರ್. ಉದ್ದನೆಯ ಮೂತಿ, ಅದರೊಳಗೆ ಸಾಲಾಗಿ ಆರು ಸಿಲಿಂಡರ್, ಎರಡು ಕಾರ್ಬುರೇಟರ್. ಹಿಂದೆ ಚಾವಣಿಯಿಂದ ಇಳಿಜಾರಾಗಿ ಬರುವ ದೊಡ್ಡ ಗಾಜಿನ ಬಾಗಿಲು. ನಾನು ಮನಸೋತಿದ್ದೇ ಆ ಇಳಿಜಾರಿಗೆ.

ತಂದ ಮೊದಲ ವಾರ ಮಗಳನ್ನು ಕೂರಿಸಿಕೊಂಡು ಒಂದು ಗಂಟೆ ಓಡಿಸಿದೆ. ಇಳಿದವಳೇ "ಅಪ್ಪಾ, ತಲೆ ಸಿಡೀತಿದೆ" ಅಂದಳು. ಅವಳ ಜಡೆಗೆಲ್ಲ ಹೊಗೆ ವಾಸನೆ ಹತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮಗೆ ಮೂಗಿಗೆ ಬಡಿಯುವುದು ಪೂರ್ತಿ ಸುಡದ ಪೆಟ್ರೋಲಿನ ವಾಸನೆ. ಅದರ ಜೊತೆಗೇ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಈ ಕಾರಿಗೆ ಇಲ್ಲ. "ಹಳೇ ಕಾರು ಅಂದಮೇಲೆ ವಾಸನೆ ಇದ್ದಿದ್ದೇ" ಅನ್ನುವವರ ಮಾತನ್ನು ದಯವಿಟ್ಟು ಕೇಳಬೇಡಿ.

ಕಾರು ಮುಂದೆ ಓಡುತ್ತದೆ, ಹೊಗೆ ಹಿಂದೆ ಉಳಿಯಬೇಕು. ಒಳಗೆ ಹೇಗೆ ಬರುತ್ತದೆ? ಊರಲ್ಲಿ ಮಣ್ಣಿನ ರಸ್ತೆಯಲ್ಲಿ ಬಸ್ಸು ಹೋಗುವುದನ್ನು ನೆನಪಿಸಿಕೊಳ್ಳಿ. ಹಿಂದಿನ ಗಾಜಿನ ಮೇಲೆ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಕೊನೇ ಸೀಟಿನವರು ಧೂಳು ಕುಡಿದೇ ಊರು ಸೇರುತ್ತಾರೆ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ. ಅಲ್ಲಿ ಗಾಳಿ ಸುಳಿ ಸುತ್ತಿ ವಾಪಸ್ ಬಂದು ಬೆನ್ನಿಗೆ ಬಡಿಯುತ್ತದೆ. ಇಲ್ಲಿ ಧೂಳಿನ ಬದಲು ಹೊಗೆ, ಅಷ್ಟೇ.

ವಾಸನೆ ಬಂದರೆ ಕಿಟಕಿ ಇಳಿಸುತ್ತೇವೆ, ಅಲ್ವಾ? ಈ ಕಾರಿನಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಕಿಟಕಿಯ ಪಕ್ಕ ವೇಗವಾಗಿ ಹಾಯುವ ಗಾಳಿ ಒಳಗಿನ ಗಾಳಿಯನ್ನು ಹೊರಗೆಳೆಯುತ್ತದೆ. ಆ ಜಾಗ ತುಂಬಲು ಹಿಂದಿನ ಸಂದಿಗಳಿಂದ ಹೊಗೆ ನುಗ್ಗುತ್ತದೆ. ಕಿಟಕಿ ಏರಿಸಿ, ಮುಂದಿನಿಂದ ಹೊಸ ಗಾಳಿ ಬಿಟ್ಟುಕೊಂಡಾಗ ವಾಸನೆ ಅರ್ಧ ಇಳಿಯಿತು. ಸಂದಿ ಹಿಂದೆಯೇ ಇದೆ ಅಂತ ನನಗೆ ಗೊತ್ತಾಗಿದ್ದು ಹಾಗೆ.

ಒಂದು ಡಾಲರ್ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದೆ. ಮಧ್ಯದಲ್ಲಿ ಹರಿಯುವಷ್ಟು ಬಿಗಿ. ಕೆಳಗಿನ ಎರಡೂ ಮೂಲೆಯಲ್ಲಿ ಸುಮ್ನೆ ಜಾರಿ ಬಂತು. ರಾತ್ರಿ ಒಳಗೆ ಟಾರ್ಚ್ ಹಚ್ಚಿಟ್ಟು ಹೊರಗಿಂದ ನೋಡಿದರೆ ಅದೇ ಮೂಲೆಗಳಲ್ಲಿ ಬೆಳಕಿನ ಗೆರೆ. ಮಾರಿದವರು "ಹೊಸ ರಬ್ಬರ್ ಹಾಕಿಸಿದ್ದೇವೆ" ಅಂದಿದ್ದರು. ನಿಜ, ಬೀಡಿಂಗ್, ಅಂದರೆ ಬಾಗಿಲಿನ ಸುತ್ತ ಕೂರುವ ರಬ್ಬರ್ ಪಟ್ಟಿ, ಹೊಸದೇ. ಆದರೆ ದಪ್ಪ, ಗಟ್ಟಿ. ಅದು ಬಾಗಿಲನ್ನೇ ಮೇಲಕ್ಕೆತ್ತಿ ಹಿಡಿದಿತ್ತು. ಮುಚ್ಚಲು ಅಂಗೈಯಿಂದ ಗುದ್ದಬೇಕಿತ್ತು.

ಇಲ್ಲಿ ನಾನು ಕಲಿತದ್ದನ್ನು ಒತ್ತಿ ಹೇಳುತ್ತೇನೆ. ಮೊದಲು ರಬ್ಬರ್ ಪೂರ್ತಿ ಕಿತ್ತುಹಾಕಿ. ತಗಡಿಗೆ ತಗಡು ಸರಿ ಕೂರಬೇಕು. ಚಾವಣಿಯ ಹತ್ತಿರದ ಹಿಂಜಿನ, ಅಂದರೆ ಬಾಗಿಲಿನ ಕೀಲಿನ, ಬೋಲ್ಟ್ ಸ್ವಲ್ಪ ಸಡಿಲ ಮಾಡಿ, ಬಾಗಿಲನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಸುತ್ತಲೂ ಸಂದಿ ಒಂದೇ ಸಮ ಆಗುವವರೆಗೆ ನೋಡಿ. ಬೇಕಾದರೆ ಹಿಂಜಿನ ಕೆಳಗೆ ತೆಳು ವಾಷರ್ ಕೊಡಿ. ನನಗೆ ಇದಕ್ಕೇ ಎರಡು ಭಾನುವಾರ ಹಿಡಿಯಿತು. ಆಮೇಲೆ ಮೆತ್ತನೆಯ, ಒಳಗೆ ಟೊಳ್ಳಿರುವ ಬೀಡಿಂಗ್. ಮೂಲೆಯಲ್ಲಿ ಅದನ್ನು ಎಳೆದು ಕೂರಿಸಬೇಡಿ. ಎಳೆದರೆ ತೆಳ್ಳಗಾಗಿ ಮತ್ತೆ ಅಲ್ಲೇ ಸಂದಿ. ಹೆಬ್ಬೆರಳಿನಿಂದ ಒಳಕ್ಕೆ ತಳ್ಳುತ್ತಾ, ಮೂಲೆಗೆ ಸ್ವಲ್ಪ ಜಾಸ್ತಿಯೇ ತುಂಬಿ. ಬೀಗದ ಕೊಂಡಿಯನ್ನು ಹೊಂದಿಸುವುದು ಕೊನೆಗೆ.

ಬಾಗಿಲು ಸರಿಹೋದರೂ ವಾಸನೆ ಒಂದಿಷ್ಟು ಉಳಿಯಿತು. ಒಳಗಿನ ಪ್ಲಾಸ್ಟಿಕ್ ಬಿಚ್ಚಿದೆ. ಹಿಂದಿನ ದೀಪಗಳ ಸಂದಿ ಮುಚ್ಚುವ ಗ್ಯಾಸ್ಕೆಟ್ ಮುಟ್ಟಿದರೆ ಹಪ್ಪಳದ ಹಾಗೆ ಪುಡಿ. ವೈರ್ ಹಾಯುವ ತೂತು, ಸ್ಟೆಪ್ನಿ ಗುಂಡಿಯ ರಬ್ಬರ್ ಬಿರಡೆ, ಎಲ್ಲ ಹೋಗಿತ್ತು. ಒಂದೊಂದನ್ನೇ ಬದಲಿಸಿದೆ. ಈ ಮಾಡೆಲ್ಲಿನ ಶುರುವಿನ ಕಾರುಗಳಿಗೆ ಹಿಂಬಾಗಿಲಿನಲ್ಲೇ ಗಾಳಿಯ ಕಿಂಡಿಗಳಿವೆ. ಅಂಥದ್ದು ಇದ್ದವರು ಅವನ್ನೂ ನೋಡಿ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೂ ವಾಸನೆ ಬಂದರೆ ಅದು ಹೊಗೆ ಅಲ್ಲ, ಪೆಟ್ರೋಲ್. ಬಲಗಡೆ ಹಿಂಬದಿಯ ಪ್ಯಾನೆಲ್ ಒಳಗೆ ಪೆಟ್ರೋಲ್ ಆವಿಗೆಂದು ಒಂದು ಪುಟ್ಟ ಟ್ಯಾಂಕ್ ಇದೆ. ಅದರ ಹೋಸ್‌ಗಳು ಬಿರಿದಿರುತ್ತವೆ. ನನ್ನದರಲ್ಲಿ ಮೂರು ಬಿರಿದಿದ್ದವು. ಸೈಲೆನ್ಸರ್ ಕೊಳವೆಯ ತುದಿಯೂ ಬಂಪರ್ ಒಳಗೇ ನಿಂತಿತ್ತು. ಎರಡು ಇಂಚು ಹೊರಗೆ ಚಾಚಿಸಿದೆ.

ಈಗ ಡ್ಯಾಶ್‌ಬೋರ್ಡ್ ಮೇಲೆ ಕಾರ್ಬನ್ ಮೊನಾಕ್ಸೈಡ್ ಮೀಟರ್ ಇಟ್ಟಿದ್ದೇನೆ. ಇವತ್ತು ಬರುವಾಗ ಮಗಳು ದಾರಿಯುದ್ದಕ್ಕೂ ಅದನ್ನೇ ನೋಡುತ್ತಾ, ಸೊನ್ನೆ, ಸೊನ್ನೆ ಅಂತ ಓದುತ್ತಾ ಬಂದಳು. ಕಾರು ಹೊರಗೆ ನಿಂತಿದೆ. ಜೇಬಿನಲ್ಲಿ ಒಂದು ಡಾಲರ್ ನೋಟು ಇದ್ದವರು ಬನ್ನಿ, ಬಾಗಿಲಿಗೆ ಸಿಕ್ಕಿಸಿ ನೀವೇ ಎಳೆದು ನೋಡಿ.