ಕತ್ತಲಲ್ಲಿ ‘ಯಾರದು?’ ಎಂದರೆ ‘ನಾನು’ ಎನ್ನುತ್ತೇವಲ್ಲ, ಆ ‘ನಾನು’ ಯಾರು?

[ದೃಶ್ಯ: ಹಂಚಿನ ಮಾಡಿನಿಂದ ಸುರಿಯುವ ಮಳೆ. ಕತ್ತಲು. ಮಳೆಯ ಸದ್ದು ಮಾತ್ರ.]

ಎಲ್ಲರಿಗೂ ನಮಸ್ಕಾರ.

ಉಡುಪಿಯ ಮಳೆಗಾಲ ನಿಮಗೆ ಗೊತ್ತಲ್ವಾ. ಗಾಳಿ ಒಂದು ಸಲ ಜೋರಾಗಿ ಬೀಸಿದರೆ ಸಾಕು, ಕರೆಂಟು ಹೋಗುತ್ತದೆ. ಮೊನ್ನೆ ನಮ್ಮ ಮನೆಯಲ್ಲೂ ಹಾಗೇ ಆಯಿತು. ಅಮ್ಮ ಅಡುಗೆಮನೆಯಲ್ಲಿ ಬೆಂಕಿಪೊಟ್ಟಣ ಹುಡುಕುತ್ತಿದ್ದರು. ನಾನು ಅಂಗಳದಿಂದ ಚಾವಡಿಗೆ ಕಾಲಿಟ್ಟೆ. ಕತ್ತಲೊಳಗಿಂದ ಅಜ್ಜಿ ತುಳುವಿನಲ್ಲಿ ಕೇಳಿದರು, ‘ಏರ್?’ ಯಾರು ಎಂದು. ನಾನು ಹೇಳಿದೆ, ‘ಯಾನ್.’ ನಾನು. ಅಜ್ಜಿಗೆ ಅಷ್ಟೇ ಸಾಕಾಯಿತು. ಮೂಲೆಯಲ್ಲಿ ಇನ್ನೊಬ್ಬರು ಕೂತ ಹಾಗಿತ್ತು. ಈಗ ನಾನು ಕೇಳಿದೆ, ‘ಏರ್?’ ಅಲ್ಲಿಂದಲೂ ಅದೇ ಉತ್ತರ, ‘ಯಾನ್.’ ದೊಡ್ಡಪ್ಪ ಕೂತಿದ್ದರು.

ನನ್ನ ಹೆಸರೂ ‘ನಾನು’. ದೊಡ್ಡಪ್ಪನ ಹೆಸರೂ ‘ನಾನು’. ಕತ್ತಲಲ್ಲಿ ಎಲ್ಲರಿಗೂ ಒಂದೇ ಹೆಸರು.

ಇದನ್ನು ಮೊದಲು ಗಮನಿಸಿದವನು ನಾನಲ್ಲ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರಕ್ಕೆ ಹೋದವರಿಗೆ ಶ್ರೀ ನಾರಾಯಣ ಗುರುಗಳು ಗೊತ್ತು. 1912ರಲ್ಲಿ ಅಲ್ಲಿ ಪ್ರತಿಷ್ಠೆ ಮಾಡಿದವರು ಅವರೇ. ಅವರು ಮಲಯಾಳದಲ್ಲಿ ಬರೆದ ‘ಆತ್ಮೋಪದೇಶ ಶತಕ’ದಲ್ಲಿ ಹೆಚ್ಚುಕಡಿಮೆ ಇದೇ ದೃಶ್ಯ ಇದೆ. ಕತ್ತಲಲ್ಲಿ ಕೂತವನನ್ನು ಒಬ್ಬ ಯಾರು ಎಂದು ಕೇಳುತ್ತಾನೆ. ಕೂತವನು ತಿರುಗಿ, ನೀನು ಯಾರು ಎನ್ನುತ್ತಾನೆ. ಇಬ್ಬರ ಉತ್ತರವೂ ಒಂದೇ. ಈ ಪದ್ಯ ಓದಿ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತುಬಿಟ್ಟಿದ್ದೆ. ಇಷ್ಟು ದೊಡ್ಡ ಮಾತನ್ನು ಇಷ್ಟು ಚಿಕ್ಕ ಸಂಗತಿಯಲ್ಲಿ ಹೇಳಬಹುದಾ ಅನಿಸಿತು.

ಇವತ್ತಿನ ವಿಷಯ ಇದೇ. ಎಚ್ಚರ, ಕನಸು, ಗಾಢ ನಿದ್ದೆ, ಅದರಾಚೆಗಿನದು. ಈ ಒಂದೊಂದರಲ್ಲೂ ನಮ್ಮ ‘ನಾನು’ ಏನಾಗುತ್ತದೆ?

[ಪರದೆಯ ಮೇಲೆ: ಅಹಂ + ಕಾರ]

ಮೊದಲು ಒಂದು ಪದ ಸರಿಮಾಡಿಕೊಳ್ಳೋಣ. ‘ಅವನಿಗೆ ಅಹಂಕಾರ ಜಾಸ್ತಿ’ ಎಂದರೆ ನಮ್ಮ ಮಾತಿನಲ್ಲಿ ಅವನಿಗೆ ಸೊಕ್ಕು ಎಂದರ್ಥ. ಶಾಸ್ತ್ರದಲ್ಲಿ ಆ ಪದಕ್ಕೆ ಬೈಗುಳದ ಅರ್ಥ ಇಲ್ಲ. ಅಹಂ ಎಂದರೆ ನಾನು. ಅಹಂಕಾರ ಎಂದರೆ ‘ನಾನು’ ಎಂದು ಮುದ್ರೆ ಒತ್ತುವ ಕೆಲಸ. ಕಣ್ಣು ನೋಡುತ್ತದೆ, ಅಹಂಕಾರ ‘ನಾನು ನೋಡಿದೆ’ ಎನ್ನುತ್ತದೆ. ಹೊಟ್ಟೆ ಹಸಿಯುತ್ತದೆ, ಅದು ‘ನನಗೆ ಹಸಿವು’ ಎನ್ನುತ್ತದೆ. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ, ಈ ನಾಲ್ಕೂ ಸೇರಿ ಅಂತಃಕರಣ ಎಂಬ ಒಳಗಿನ ಸಾಧನ. ಅಂದರೆ ತುಂಬ ವಿನಯದಿಂದ, ತಲೆ ತಗ್ಗಿಸಿ ನಡೆಯುವವರಲ್ಲೂ ಅಹಂಕಾರ ಇದ್ದೇ ಇದೆ. ‘ನಾನು ವಿನಯವಂತ’ ಎಂಬ ಮುದ್ರೆ ಒತ್ತುವುದೂ ಅದೇ.

ಈ ಮುದ್ರೆ ಬೀಳುವುದನ್ನು ನಾನು ಒಮ್ಮೆ ಹತ್ತಿರದಿಂದ ಕಂಡೆ. ಮಂಗಳೂರಿನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದೆ. ಸುರತ್ಕಲ್ ದಾಟುವಾಗ ಕಣ್ಣು ಹತ್ತಿತು. ಪಡುಬಿದ್ರಿಯಲ್ಲಿ ಡ್ರೈವರ್ ಬ್ರೇಕ್ ಹಾಕಿದ ಹೊಡೆತಕ್ಕೆ ಎಚ್ಚರ. ಎದುರಿಗೆ ಒಂದು ಕಬ್ಬಿಣದ ಸರಳು ಕಾಣುತ್ತಿದೆ. ಯಾರೋ ಮಾತಾಡುವುದು ಕೇಳುತ್ತಿದೆ. ಆದರೆ ಯಾವ ಊರು, ಬೆಳಿಗ್ಗೆಯಾ ಸಂಜೆಯಾ, ನಾನು ಎಲ್ಲಿಗೆ ಹೊರಟವನು, ಒಂದೂ ಇಲ್ಲ. ಬರೀ ಕಾಣುವುದು, ಕೇಳುವುದು. ಮೂರು ಸೆಕೆಂಡ್ ಇರಬಹುದು. ಆಮೇಲೆ ಒಂದೊಂದೇ ಬಂದು ಅಂಟಿಕೊಂಡವು. ಬಸ್ಸು. ಸಂಜೆ. ಮಡಿಲಲ್ಲಿದ್ದ ಚೀಲ. ಕಟ್ಟಬೇಕಾದ ಹಣ. ಕೊನೆಗೆ ನನ್ನ ಹೆಸರು.

ಆ ಮೂರು ಸೆಕೆಂಡ್ ಅರಿವು ಇತ್ತು. ಮುದ್ರೆ ಮಾತ್ರ ಇರಲಿಲ್ಲ. ನಿಮಗೂ ಮಧ್ಯಾಹ್ನ ಮಲಗಿ ಎದ್ದಾಗ ಹೀಗೆ ಆಗಿರಬಹುದು, ಅಲ್ವಾ?

ಈಗ ಮಾಂಡೂಕ್ಯ ಉಪನಿಷತ್ತಿಗೆ ಬರೋಣ. ಅಥರ್ವವೇದಕ್ಕೆ ಸೇರಿದ್ದು. ಇರುವುದು 12 ಮಂತ್ರ ಮಾತ್ರ. ಎಚ್ಚರದ ಸ್ಥಿತಿಯನ್ನು ಅದು ವರ್ಣಿಸುವ ರೀತಿ ನೋಡಿ: ಅರಿವು ಹೊರಮುಖವಾಗಿದೆ, 7 ಅಂಗ, 19 ಬಾಯಿ. ಹತ್ತೊಂಬತ್ತು ಬಾಯಿ! ಐದು ಜ್ಞಾನೇಂದ್ರಿಯ, ಐದು ಕರ್ಮೇಂದ್ರಿಯ, ಐದು ಪ್ರಾಣ, ಮತ್ತೆ ಆಗ ಹೇಳಿದ ಅಂತಃಕರಣದ ನಾಲ್ಕು ಎಂದು ಶಂಕರರ ಭಾಷ್ಯ ಲೆಕ್ಕ ಕೊಡುತ್ತದೆ. ಅಹಂಕಾರ ಈ 19ರಲ್ಲಿ ಒಂದು. ಯಜಮಾನ ಅಲ್ಲ, ಒಂದು ಬಾಯಿ. ಎಚ್ಚರವಿರುವಷ್ಟು ಹೊತ್ತೂ ನಾವು ಲೋಕವನ್ನು ತಿನ್ನುತ್ತಲೇ ಇರುತ್ತೇವೆ. ಮೊಬೈಲ್ ಹಿಡಿದು ಕೂತಾಗ ಈ ಮಾತು ಎಷ್ಟು ನಿಜ ಎಂದು ಗೊತ್ತಾಗುತ್ತದೆ.

ಕನಸಿನಲ್ಲಿ ಅರಿವು ಒಳಮುಖ. ಅಲ್ಲಿ ಊಟವೂ ಒಳಗಿನದೇ, ಹಗಲು ಕಂಡದ್ದರ ನೆನಪು. ಅಲ್ಲಿಯೂ ಒಬ್ಬ ‘ನಾನು’ ಇದ್ದಾನೆ. ಆದರೆ ಅವನು ಬೇರೆ. ಇಲ್ಲಿ ಮಂಡಿನೋವು ಇರುವವನು ಅಲ್ಲಿ ಮಲ್ಪೆ ಬೀಚಿನಲ್ಲಿ ಓಡುತ್ತಾನೆ.

ಗಾಢ ನಿದ್ದೆಯಲ್ಲಿ ಎಲ್ಲ ಒಂದಾಗಿ ಗಟ್ಟಿಯಾಗುತ್ತದೆ. ಆಸೆ ಇಲ್ಲ, ಕನಸಿಲ್ಲ. ಬೃಹದಾರಣ್ಯಕ ಉಪನಿಷತ್ತು ಈ ಸ್ಥಿತಿಯ ಬಗ್ಗೆ ಹೇಳುತ್ತದೆ: ಅಲ್ಲಿ ಅಪ್ಪ ಅಪ್ಪನಲ್ಲ, ಅಮ್ಮ ಅಮ್ಮನಲ್ಲ, ಕಳ್ಳ ಕಳ್ಳನಲ್ಲ. ನನಗೆ ಕಳ್ಳನ ಮಾತು ತುಂಬ ಇಷ್ಟ. ಜೈಲಿನಲ್ಲಿ ಮಲಗಿದವನಿಗೂ ರಾತ್ರಿ ಕೆಲವು ಗಂಟೆ ಬಿಡುಗಡೆ ಇದೆ ಎಂದ ಹಾಗೆ.

ವಿಜ್ಞಾನವೂ ನಿದ್ದೆಯನ್ನು ಒಂದೇ ಕತ್ತಲೆ ಎಂದು ನೋಡುವುದಿಲ್ಲ. ಕಣ್ಣುಗುಡ್ಡೆ ವೇಗವಾಗಿ ಓಡಾಡುವ, ಕನಸು ಜಾಸ್ತಿ ಬೀಳುವ ಹಂತವನ್ನು 1953ರಲ್ಲಿ ಗುರುತಿಸಿ ಪ್ರಕಟಿಸಿದರು. ಆದರೆ ಮಿದುಳಿನ ಅಲೆ ಅಳೆಯುವುದು ಬೇರೆ, ‘ಮಲಗಿದ್ದವನು ಯಾರು’ ಎಂದು ಕೇಳುವುದು ಬೇರೆ. ಎರಡನ್ನೂ ಕಲಸಿ ‘ನಮ್ಮವರಿಗೆ ಆಗಲೇ ಎಲ್ಲ ಗೊತ್ತಿತ್ತು’ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

[ದೃಶ್ಯ: ಯಕ್ಷಗಾನದ ಚೌಕಿ. ಕೈಗನ್ನಡಿ. ಮುಖಕ್ಕೆ ಬಣ್ಣ.]

ಈಗ ಚೌಕಿಗೆ ಬನ್ನಿ. ಯಕ್ಷಗಾನ ಮೇಳದ ಬಣ್ಣದ ಕೋಣೆ ಅದು. ಚಿಕ್ಕವನಿದ್ದಾಗ ನನಗೆ ಆಟಕ್ಕಿಂತ ಚೌಕಿ ನೋಡುವ ಹುಚ್ಚು ಜಾಸ್ತಿ ಇತ್ತು. ಕಲಾವಿದರು ಕೈಯಲ್ಲಿ ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಹಾಕುತ್ತಾರೆ. ಮೊದಲು ಹುಬ್ಬು, ಆಮೇಲೆ ಕಣ್ಣು, ನಾಮ. ಅಲ್ಲಿಯವರೆಗೆ ಅವರು ನಮ್ಮೂರಿನವರೇ. ಪಕ್ಕದವರ ಹತ್ತಿರ ತೋಟದ ವಿಷಯ ಮಾತಾಡುತ್ತಾರೆ. ಕಿರೀಟ ಕಟ್ಟಿದ ಮೇಲೆ ಕೊನೆಗೊಂದು ಸಲ ಕನ್ನಡಿ ನೋಡುತ್ತಾರೆ. ಅಷ್ಟೊತ್ತಿಗೆ ಬೆನ್ನು ನೆಟ್ಟಗಾಗಿರುತ್ತದೆ, ಮಾತು ನಿಂತಿರುತ್ತದೆ.

ಛಾಂದೋಗ್ಯ ಉಪನಿಷತ್ತಿನಲ್ಲಿ ಇಂಥದ್ದೇ ಒಂದು ಚೌಕಿ ಇದೆ. ಆತ್ಮ ಯಾವುದು ಎಂದು ತಿಳಿಯಲು ದೇವತೆಗಳಿಂದ ಇಂದ್ರ, ಅಸುರರಿಂದ ವಿರೋಚನ, ಇಬ್ಬರೂ ಪ್ರಜಾಪತಿಯ ಹತ್ತಿರ ಬಂದರು. 32 ವರ್ಷ ಶಿಷ್ಯರಾಗಿ ಕಾದರು. ಪ್ರಜಾಪತಿ ಹೇಳಿದ, ನೀರಿನ ಪಾತ್ರೆಯಲ್ಲಿ ಮುಖ ನೋಡಿಕೊಳ್ಳಿ. ನೋಡಿದರು. ಈಗ ಚೆಂದ ಅಲಂಕಾರ ಮಾಡಿಕೊಂಡು ನೋಡಿ. ಒಳ್ಳೆ ಬಟ್ಟೆ ಉಟ್ಟು ಮತ್ತೆ ನೋಡಿದರು. ಕಾಣುತ್ತಿರುವುದೇ ಆತ್ಮ ಎಂದುಕೊಂಡು ಇಬ್ಬರೂ ಖುಷಿಯಿಂದ ಹೊರಟರು.

ವಿರೋಚನ ಸೀದಾ ಊರಿಗೆ ಹೋದ. ದೇಹವೇ ಆತ್ಮ, ಅದನ್ನೇ ಪೂಜಿಸಿ ಎಂದು ಸಾರಿದ. ಇಂದ್ರನಿಗೆ ಅರ್ಧ ದಾರಿಯಲ್ಲಿ ಸಂಶಯ. ದೇಹಕ್ಕೆ ಅಲಂಕಾರ ಮಾಡಿದರೆ ನೀರಿನಲ್ಲಿ ಕಾಣುವ ಇದಕ್ಕೂ ಅಲಂಕಾರವಾಗುತ್ತದೆ. ಹಾಗಾದರೆ ದೇಹ ಕುರುಡಾದರೆ ಇದೂ ಕುರುಡಲ್ಲವಾ? ವಾಪಸ್ ಬಂದ. ಇನ್ನೂ 32 ವರ್ಷ. ಈ ಸಲ ಪ್ರಜಾಪತಿ ಕನಸಿನಲ್ಲಿ ಓಡಾಡುವವನನ್ನು ತೋರಿಸಿದ. ಇಂದ್ರ ಮತ್ತೆ ಅರ್ಧ ದಾರಿಯಿಂದ ತಿರುಗಿದ. ಕನಸಿನಲ್ಲೂ ಅಟ್ಟಿಸಿಕೊಂಡು ಬರುತ್ತಾರೆ, ಅಳು ಬರುತ್ತದೆ. ಮತ್ತೆ 32 ವರ್ಷ. ಗಾಢ ನಿದ್ದೆಯಲ್ಲಿ ಇರುವವನನ್ನು ತೋರಿಸಿದ.

ಇಲ್ಲಿ ಇಂದ್ರ ಹೇಳುವ ಮಾತಿಗೆ ಕಿವಿಗೊಡಿ. ಆ ಸ್ಥಿತಿಯಲ್ಲಿ ಅವನಿಗೆ ‘ಇವನು ನಾನು’ ಎಂಬುದೇ ಗೊತ್ತಿಲ್ಲ, ನಾಶವಾದ ಹಾಗೆಯೇ ಇದ್ದಾನೆ, ಇದರಲ್ಲಿ ನನಗೆ ಒಳ್ಳೆಯದೇನೂ ಕಾಣುತ್ತಿಲ್ಲ. ಎಷ್ಟು ಪ್ರಾಮಾಣಿಕ ಮಾತು! ‘ನಾನು ಅಳಿಯಲಿ’ ಎಂದು ನಾವು ಭಜನೆಯಲ್ಲಿ ಸುಲಭವಾಗಿ ಹಾಡುತ್ತೇವೆ. ನಿಜವಾಗಿ ಅಳಿದರೆ ಉಳಿಯುವುದು ಏನು ಎಂದು ದೇವರಾಜನಿಗೇ ಹೆದರಿಕೆ. ಪ್ರಜಾಪತಿ ಅವನನ್ನು ಬಯ್ಯಲಿಲ್ಲ. ಇನ್ನು ಐದೇ ವರ್ಷ ಇರು ಎಂದ. ಒಟ್ಟು 101 ವರ್ಷ.

ಇಂದ್ರನ ಆ ಹೆದರಿಕೆಗೆ ನಮ್ಮ ಸುತ್ತಮುತ್ತಲೇ ಎರಡು ಉತ್ತರಗಳಿವೆ. ಆಗುಂಬೆ ಘಾಟಿ ಹತ್ತಿದರೆ ಶೃಂಗೇರಿ, ಇಳಿದರೆ ಉಡುಪಿ.

ಶಂಕರರ ದಾರಿಯಲ್ಲಿ, ನಿದ್ದೆಯಲ್ಲಿ ಅಹಂಕಾರ ಕರಗುತ್ತದೆ, ಸಾಕ್ಷಿ ಉಳಿಯುತ್ತದೆ. ‘ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ’ ಎಂದು ಬೆಳಿಗ್ಗೆ ಹೇಳುತ್ತೇವಲ್ಲ, ಆ ಗೊತ್ತಾಗದಿರುವಿಕೆಯನ್ನೂ ಬೆಳಗಿದ್ದು ಆ ಸಾಕ್ಷಿ. ಅದಕ್ಕೆ ‘ನಾನು ಇಂಥವನು’ ಎಂಬ ಗಡಿ ಇಲ್ಲ. ಅದೇ ಆತ್ಮ, ಅದು ಒಂದೇ.

ಉಡುಪಿ ಹತ್ತಿರದ ಪಾಜಕದಲ್ಲಿ 1238ರಲ್ಲಿ ಹುಟ್ಟಿದ ಮಧ್ವಾಚಾರ್ಯರು ಇದನ್ನು ಒಪ್ಪಲಿಲ್ಲ. ಬೆಳಿಗ್ಗೆ ಎದ್ದವನು ‘ನಾನು ಸುಖವಾಗಿ ಮಲಗಿದ್ದೆ’ ಎನ್ನುತ್ತಾನೆ. ಹಾಗಾದರೆ ನಿದ್ದೆಯಲ್ಲೂ ‘ನಾನು’ ಇದ್ದೇ ಇತ್ತು. ಅದು ಜೀವದ ಸ್ವರೂಪ. ಮೋಕ್ಷದಲ್ಲೂ ಅದು ಹೋಗುವುದಿಲ್ಲ. ಹೋಗಬೇಕಾದದ್ದು ‘ನಾನೇ ಮಾಡಿದೆ’ ಎನ್ನುವಲ್ಲಿನ ಆ ‘ಏ’ ಅಕ್ಷರ. ನಮ್ಮನ್ನು ಎಚ್ಚರದಲ್ಲಿ, ಕನಸಿನಲ್ಲಿ, ನಿದ್ದೆಯಲ್ಲಿ ಇಟ್ಟು ನಡೆಸುವವನು ಬೇರೆ ಇದ್ದಾನೆ. ಮಾಂಡೂಕ್ಯದ ನಾಲ್ಕು ಸ್ಥಿತಿಗಳ ಹೆಸರು ಅವರಿಗೆ ವಿಷ್ಣುವಿನ ನಾಲ್ಕು ರೂಪಗಳ ಹೆಸರು. ಬಲಗಣ್ಣಿನಲ್ಲಿ ವಿಶ್ವ ಎಂಬ ರೂಪ ನಿಂತು ಎಚ್ಚರ ಕೊಡುತ್ತದೆ. ‘ನಾಹಂ ಕರ್ತಾ ಹರಿಃ ಕರ್ತಾ’ ಎಂಬ ಮಾತನ್ನು ಮಾಧ್ವರ ಮನೆಗಳಲ್ಲಿ ನೀವು ಕೇಳಿರುತ್ತೀರಿ. ಮಾಡುವವನು ನಾನಲ್ಲ, ಹರಿ.

ಇನ್ನೂ ಒಂದು ಮಾತು. ಮಧ್ವರು ಜೀವವನ್ನು ಪ್ರತಿಬಿಂಬ ಎನ್ನುತ್ತಾರೆ, ಭಗವಂತ ಬಿಂಬ, ಅಂದರೆ ಮೂಲ. ಇಂದ್ರ, ವಿರೋಚನರ ನೀರಿನ ಪಾತ್ರೆ ಇಲ್ಲಿ ತಲೆಕೆಳಗಾಯಿತು ನೋಡಿ. ಅವರು ‘ಪ್ರತಿಬಿಂಬದಲ್ಲಿ ಕಾಣುವವನು ನಾನು’ ಎಂದು ಖುಷಿಪಟ್ಟರು. ಮಧ್ವರು ‘ನೀನೇ ಪ್ರತಿಬಿಂಬ, ಬಿಂಬವನ್ನು ಹುಡುಕು’ ಎನ್ನುತ್ತಾರೆ. ಚೌಕಿಯಲ್ಲಿ ಕನ್ನಡಿಯ ಒಳಗಿನವನೇ ಎದ್ದು, ಹೊರಗೆ ಬಣ್ಣ ಹಾಕುತ್ತಿರುವವನನ್ನು ಹುಡುಕಿದ ಹಾಗೆ.

ನಾರಾಯಣ ಗುರುಗಳು 1927ರಲ್ಲಿ ಕೇರಳದ ಕಳವಂಕೋಡದಲ್ಲಿ ದೇವರ ವಿಗ್ರಹದ ಜಾಗದಲ್ಲಿ ಕನ್ನಡಿಯನ್ನೇ ಪ್ರತಿಷ್ಠೆ ಮಾಡಿದರು. ಗರ್ಭಗುಡಿಯ ಎದುರು ನಿಂತವನಿಗೆ ಅಲ್ಲಿ ಕಾಣುವುದು ಅವನೇ. ಶಂಕರರ ದಾರಿಯಲ್ಲಿ ಬಂದವರು ಅದನ್ನು ಒಂದು ರೀತಿ ಓದುತ್ತಾರೆ, ಉಡುಪಿಯವರು ಇನ್ನೊಂದು ರೀತಿ ಓದಬಹುದು. ಯಾವುದು ಸರಿ ಎಂದು ತೀರ್ಪು ಕೊಡುವಷ್ಟು ನಾನು ಓದಿಲ್ಲ. ಆದರೆ ನನ್ನ ದಿನದ ಜಗಳಗಳಿಗೆ ಮಧ್ವರ ಮಾತು ಜಾಸ್ತಿ ಕೆಲಸಕ್ಕೆ ಬಂದಿದೆ. ಯಾರಾದರೂ ನನ್ನ ಕೆಲಸಕ್ಕೆ ಹೆಸರು ಹಾಕಲಿಲ್ಲ ಎಂದು ಹೊಟ್ಟೆಯೊಳಗೆ ಉರಿಯುವಾಗ, ‘ನಾನು ಇಲ್ಲ’ ಎಂದುಕೊಳ್ಳಲು ನನ್ನಿಂದ ಆಗುವುದಿಲ್ಲ. ‘ನಾನೊಬ್ಬನೇ ಮಾಡಿದ್ದಲ್ಲ’ ಎಂದುಕೊಳ್ಳಲು ಆಗುತ್ತದೆ.

ಇನ್ನು ನಾಲ್ಕನೆಯದು, ತುರೀಯ. ಮಾಂಡೂಕ್ಯದ ಏಳನೇ ಮಂತ್ರ ಅದನ್ನು ‘ಅಲ್ಲ, ಅಲ್ಲ’ ಎಂದೇ ಹೇಳುತ್ತದೆ. ಒಳಮುಖವಲ್ಲ, ಹೊರಮುಖವಲ್ಲ, ಎರಡೂ ಅಲ್ಲ. ಅಲ್ಲಿರುವ ಪದ ‘ಚತುರ್ಥಂ ಮನ್ಯಂತೇ’. ನಾಲ್ಕನೆಯದು ಎಂದು ಎಣಿಸುತ್ತಾರೆ, ಅಷ್ಟೇ. ಗೀತೆಯ ಮೂರನೇ ಅಧ್ಯಾಯದಲ್ಲೂ ಇದೇ ಕ್ರಿಯಾಪದ ಬರುತ್ತದೆ: ಅಹಂಕಾರದಿಂದ ಮಂಕಾದವನು ‘ನಾನೇ ಕರ್ತೃ’ ಎಂದು ಎಣಿಸುತ್ತಾನೆ, ‘ಮನ್ಯತೇ’.

ಇದನ್ನು ಯಾಕೆ ಹೇಳಿದೆ ಎಂದರೆ, ಪ್ರಜ್ಞೆಯ ಹಂತಗಳನ್ನು ಏಣಿಯ ಹಾಗೆ ಬರೆದು ‘ನೀವು ಯಾವ ಮೆಟ್ಟಿಲಿನಲ್ಲಿದ್ದೀರಿ’ ಎಂದು ಕೇಳುವ ಚಾರ್ಟುಗಳು ಈಗ ತುಂಬ ಓಡಾಡುತ್ತಿವೆ. ಉಪನಿಷತ್ತಿನಲ್ಲಿ ಮೆಟ್ಟಿಲಿಲ್ಲ. ಎಚ್ಚರ, ಕನಸು, ನಿದ್ದೆ ಎಲ್ಲರಿಗೂ ದಿನಾ ಬಂದು ಹೋಗುತ್ತವೆ. ‘ನಾನು ಮೇಲಿನ ಹಂತದಲ್ಲಿದ್ದೇನೆ, ಅವರು ಕೆಳಗಿದ್ದಾರೆ’ ಎಂದು ಎಣಿಸುವುದು ಆ 19ರಲ್ಲಿ ಯಾವ ಬಾಯಿ ಎಂದು ನಿಮಗೇ ಗೊತ್ತು. ದುಃಖದಲ್ಲಿ ಕುಸಿದವರಿಗೆ ‘ನಿಮ್ಮ ಪ್ರಜ್ಞೆಯ ಮಟ್ಟ ಕಡಿಮೆ’ ಎಂದು ಹೇಳುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಹೇಳಬೇಡಿ. ಮತ್ತೆ, ‘ನಾನು ನಾನಲ್ಲ’ ಎಂಬ ಭಾವ ನಿಮ್ಮನ್ನು ಹಗಲೂ ರಾತ್ರಿ ಹೆದರಿಸುತ್ತಿದ್ದರೆ ಅದು ತುರೀಯ ಅಲ್ಲ. ಮನೆಯವರಿಗೆ ಹೇಳಿ, ಒಬ್ಬ ಮನೋವೈದ್ಯರನ್ನು ಕಾಣಿ.

ಮೋಕ್ಷಕ್ಕೆ ಯಾರು ಹೋಗುತ್ತಾರೆ ಎಂದು ಕೇಳಿದಾಗ ಕನಕದಾಸರು ‘ನಾನು ಹೋದರೆ ಹೋದೇನು’ ಎಂದ ಕಥೆ ನಿಮಗೆಲ್ಲ ಗೊತ್ತಿದೆ, ಮತ್ತೆ ಹೇಳುವುದಿಲ್ಲ. ಆದರೆ ಮುಂದಿನ ಸಲ ಕೇಳುವಾಗ ಆ ‘ಹೋದೇನು’ ಎಂಬ ಕ್ರಿಯಾಪದ ಗಮನಿಸಿ. ಹೋಗುವವನೊಬ್ಬ ಇನ್ನೂ ಇದ್ದಾನೆ.

[ದೃಶ್ಯ: ಬೆಳಗಿನ ಜಾವ, ಚೌಕಿ. ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುವ ಕೈ.]

ನಾಳೆ ಒಂದು ಕೆಲಸ ಮಾಡಿ ನೋಡಿ. ಅಲಾರಂ ಹೊಡೆದಾಗ ಮೊಬೈಲಿಗೆ ಕೈ ಹಾಕುವ ಮೊದಲು, ಎಚ್ಚರದ ಹಿಂದೆಯೇ ಮೊದಲು ಏನು ಬಂದು ಅಂಟಿಕೊಳ್ಳುತ್ತದೆ ಎಂದು ನೋಡಿ. ನಾನು ಕೆಲವು ದಿನದಿಂದ ನೋಡುತ್ತಿದ್ದೇನೆ. ಮೊದಲು ‘ನಾನು’ ಬರುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಮೊದಲು ಬಂದದ್ದು ‘ನನ್ನದು’. ಇವತ್ತು ಬೆಳಿಗ್ಗೆ ಬಂದದ್ದು ಮಹಡಿಯಲ್ಲಿ ಒಣಹಾಕಿ ಮರೆತ ಅಂಗಿ. ಮಳೆ ಸದ್ದು ಕೇಳಿತು, ‘ನನ್ನ ಅಂಗಿ’ ಎಂದು ಧಡಕ್ಕನೆ ಎದ್ದು ಕೂತೆ. ಅದರ ಹಿಂದಿನಿಂದ ನಿಧಾನ ನನ್ನ ಹೆಸರು ಬಂತು.

ನಿಮಗೆ ಮೊದಲು ಏನು ಬಂತು? ಕೆಳಗೆ ಬರೆಯಿರಿ, ಒಂದೊಂದನ್ನೂ ಓದುತ್ತೇನೆ.